ಪೆನ್ಸಿಲಿನಲ್ಲಿ ಬರೆದ ವಂಶವೃಕ್ಷ

ಗಂಡಸಾದರೆ ಚೌಕ, ಹೆಂಗಸಾದರೆ ವೃತ್ತ. ಕಾಯಿಲೆ ಇದ್ದರೆ ಒಳಗೆ ಕಪ್ಪು ತುಂಬಬೇಕು, ಇಲ್ಲದಿದ್ದರೆ ಖಾಲಿ ಬಿಡಬೇಕು. ತೀರಿಕೊಂಡಿದ್ದರೆ ಅಡ್ಡಲಾಗಿ ಒಂದು ಗೀಟು. ಮನೋರೋಗ ವಂಶದಲ್ಲಿ ಹೇಗೆ ಹರಿಯುತ್ತದೆ ಎಂದು ಹುಡುಕುವ ಸಂಶೋಧನಾ ತಂಡದ ಹುಡುಗಿ ನಮ್ಮೆದುರು ದೊಡ್ಡ ಕಾಗದ ಹರಡಿ ಇಷ್ಟನ್ನು ಹೇಳಿದಾಗ ಮಕ್ಕಳಿಗೆ ಆಟದ ನಿಯಮ ಹೇಳಿಕೊಟ್ಟಂತಿತ್ತು. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಮೂರು ಗಂಟೆ ಹಿಡಿಯಿತು, ಆಗಲೂ ಮುಗಿಯಲಿಲ್ಲ.

ಅಣ್ಣನ ಚೌಕದಲ್ಲಿ ತಕರಾರಿರಲಿಲ್ಲ. ಇಪ್ಪತ್ತನಾಲ್ಕನೇ ವಯಸ್ಸಿಗೆ ಬೈಪೋಲಾರ್ ಅಂತ, ಅಂದರೆ ಮನಸ್ಸು ಕೆಲಕಾಲ ವಿಪರೀತ ಏರಿ ಕೆಲಕಾಲ ಪಾತಾಳಕ್ಕಿಳಿಯುವ ಕಾಯಿಲೆ ಅಂತ, ಗೊತ್ತಾಯಿತು. ಎರಡು ಸಲ ಆಸ್ಪತ್ರೆ, ಆಮೇಲೆ ಲಿಥಿಯಂ ಮಾತ್ರೆ, ಆಮೇಲೆ ಈಗಿನ ಈ ಸಮತಟ್ಟು ಬದುಕು: ಹೊತ್ತಿಗೆ ಸರಿಯಾಗಿ ಕೆಲಸ, ಹತ್ತಕ್ಕೆ ನಿದ್ದೆ, ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಅವನೇ ಪೆನ್ಸಿಲ್ ಇಸಿದುಕೊಂಡು, ಅಂಚು ದಾಟದ ಹಾಗೆ ನೀಟಾಗಿ ತನ್ನ ಚೌಕಕ್ಕೆ ಕಪ್ಪು ಬಳಿದ. "ಇದೊಂದು ಗ್ಯಾರಂಟಿ" ಅಂದ. ಎಲ್ಲರೂ ನಕ್ಕೆವು. ಅಮ್ಮ ನಗಲಿಲ್ಲ.

ಕಷ್ಟ ಶುರುವಾಗಿದ್ದು ಮೇಲಿನ ಸಾಲಿಗೆ ಹೋದಾಗ. ಅಲ್ಲಿ ಅಮ್ಮನ ಅಪ್ಪ ಇದ್ದರು. ನಾನು ಕಂಡ ತಾತ ಮಾತು ಕಡಿಮೆಯ, ಕಿಟಕಿ ಪಕ್ಕ ಕೂರುವ ಮುದುಕ, ಅಷ್ಟೆ. ಹುಡುಗಿ ಕೇಳಿದಳು: "ಅವರು ವಿಪರೀತ ಹುರುಪಿನಲ್ಲಿದ್ದ ಕಾಲ ಇತ್ತಾ? ನಿದ್ದೆ ಮಾಡದೇ ಇದ್ದರೂ ಸುಸ್ತೇ ಆಗದ ಹಾಗೆ? ಎಷ್ಟು ದಿನ ಹಾಗಿದ್ದರು?"

"ದಿನ ಯಾರು ಎಣಿಸ್ತಾರಮ್ಮ" ಅಂದಳು ಅಮ್ಮ. "ಒಂದೊಂದು ಸಲ ಹಾಗಿರ್ತಿದ್ರು."

ಆದರೆ ಆ ಹುಡುಗಿಗೆ ಬೇಕಿದ್ದಿದ್ದು ದಿನದ ಲೆಕ್ಕವೇ. ಏರಿದ ಮನಸ್ಸು ನಾಲ್ಕು ದಿನ ಸತತವಾಗಿ ಹಾಗೇ ಇದ್ದರೆ ಹೈಪೊಮೇನಿಯ. ಏಳು ದಿನ ಮುಟ್ಟಿದರೆ, ಅಥವಾ ಅಷ್ಟರೊಳಗೇ ಆಸ್ಪತ್ರೆಗೆ ಸೇರಿಸುವ ಸ್ಥಿತಿ ಬಂದರೆ, ಮೇನಿಯ. ಮನೆಯವರು "ಹಾಗಿದ್ರು", "ಹೀಗಾಡ್ತಿದ್ರು", "ಒಂದು ಥರಾ ಆಗಿತ್ತು" ಎಂದು ಮುಗಿಸಿಬಿಡುವ ಕಡೆ ವಿಜ್ಞಾನಕ್ಕೆ ಅಂಕಿ ಬೇಕು. ಒಂದು ಕುಟುಂಬದ ಮಾತಿನಲ್ಲಿ ಹುಚ್ಚು ಎನ್ನುವ ಪದವೊಂದನ್ನು ಬಿಟ್ಟು ಎಷ್ಟೆಲ್ಲ ಪದಗಳಿರುತ್ತವೆ ಅಂತ ಅವತ್ತು ಗೊತ್ತಾಯಿತು. ಚಿಕ್ಕಮ್ಮನ ಬಗ್ಗೆ ಕೇಳಿದಾಗ ಬಂದ ಉತ್ತರಗಳು: ದುಂದುಗಾತಿ, ಹಟಮಾರಿ, ನಿಂತಲ್ಲಿ ನಿಲ್ಲದವಳು, ಆಮೇಲೆ ವರ್ಷಗಟ್ಟಲೆ "ಮೈಗಳ್ಳಿ". ಒಬ್ಬಳೇ ಹೆಂಗಸು ಕೈ ತುಂಬ ಖರ್ಚು ಮಾಡುವವಳೂ ಹಾಸಿಗೆ ಬಿಟ್ಟು ಏಳದವಳೂ ಹೇಗಾದಳು ಎಂದು ನಾವ್ಯಾರೂ ಕೇಳಿಕೊಂಡಿರಲಿಲ್ಲ. ಕಾಯಿಲೆಯನ್ನು ನಾವು ಸ್ವಭಾವದ ಖಾತೆಗೆ ಜಮಾ ಮಾಡಿಟ್ಟಿದ್ದೆವು.

ತಾತನಿಗೆ ಸಾಕ್ಷಿ ಸಿಕ್ಕಿತು. ಅಟ್ಟದ ಪೆಟ್ಟಿಗೆಯಲ್ಲಿ ಅವರ ಲೆಕ್ಕದ ಪುಸ್ತಕಗಳಿದ್ದವು. ಮಾಮೂಲಿ ದಿನಗಳಲ್ಲಿ ಇರುವೆ ಸಾಲಿನಂಥ ಅಕ್ಷರ, ಒಂದು ಪುಟದಲ್ಲಿ ಮೂವತ್ತು ಸಾಲು. ಒಂದು ವರ್ಷದ ನಡುವೆ ಅಕ್ಷರ ದೊಡ್ಡದಾಗುತ್ತಾ ಬರುತ್ತದೆ. ಸಾಲುಗಳು ಬಲಕ್ಕೆ ಹೋಗುತ್ತಾ ಮೇಲೇರುತ್ತವೆ. ಅಂಚಿನ ಖಾಲಿ ಜಾಗವೂ ಭರ್ತಿ. ಕೈಯಲ್ಲಿಲ್ಲದ ದುಡ್ಡಿಗೆ ಕೊಳ್ಳಬೇಕಾದ ಸಾಮಾನಿನ ಪಟ್ಟಿ, ಒಬ್ಬನೇ ಮನುಷ್ಯನಿಗೆ ಬರೆದ ಹನ್ನೆರಡು ಕಾಗದಗಳ ಕರಡು, ಕೆಲವು ಪದಗಳ ಕೆಳಗೆ ಕಾಗದ ಹರಿಯುವಷ್ಟು ಒತ್ತಿ ಎಳೆದ ಗೆರೆ. ಆಮೇಲೆ ಏಳು ತಿಂಗಳು ಬರೀ ತಾರೀಖು. ದಿನಾ ತಾರೀಖು ಬರೆದಿದ್ದಾರೆ, ಕೆಳಗೆ ಏನೂ ಇಲ್ಲ. ನನಗೆ ಆ ಉಬ್ಬಿದ ಅಕ್ಷರಗಳಿಗಿಂತ ಹೆದರಿಕೆಯಾದದ್ದು ಈ ಖಾಲಿ ತಾರೀಖುಗಳನ್ನು ನೋಡಿ.

ಹುಡುಗಿ ಆ ಪುಟಗಳ ಫೋಟೊ ತೆಗೆದುಕೊಂಡಳು. ತಾತನ ಚೌಕಕ್ಕೆ ಕಪ್ಪು. ಚಿಕ್ಕಮ್ಮನ ವೃತ್ತಕ್ಕೆ ಒಂದು ಪ್ರಶ್ನೆ ಚಿಹ್ನೆ. ಅಮ್ಮ ಖಾಲಿ. ನಾನು ಖಾಲಿ. ತಾತನಿಂದ ಅಣ್ಣನಿಗೆ ಬರುವ ಗೆರೆ ಅಮ್ಮನ ಖಾಲಿ ವೃತ್ತವನ್ನು ಹಾದೇ ಬರುತ್ತದೆ. "ಇಲ್ಲಿ ಒಂದು ತಲೆಮಾರು ದಾಟಿದೆ" ಎಂದು ಅವಳು ಬೆರಳಿಟ್ಟು ತೋರಿಸಿದಳು. ಹೀಗೂ ಆಗುತ್ತದಂತೆ, ಹೊತ್ತು ತಂದವರಿಗೆ ಏನೂ ಆಗದೆ, ಕೈದಾಟಿಸಿಕೊಂಡವರಿಗೆ ಆಗುವುದು. ಅಮ್ಮ ಆ ಬೆರಳನ್ನೇ ನೋಡುತ್ತಿದ್ದಳು.

ಅವತ್ತು ನೇರಳೆ ಮುಚ್ಚಳದ ಕೊಳವೆಗಳಲ್ಲಿ ಎಲ್ಲರ ರಕ್ತ ಹೋಯಿತು. ನನಗೆ ಮಾತ್ರ ಓದುವ ಹುಚ್ಚು ಹತ್ತಿತು. ಇಂಥದೇ ಕಾಗದದ ಮೇಲೆ, ಇಂಥದೇ ಚೌಕ-ವೃತ್ತಗಳನ್ನು ನಂಬಿ ಯಾರು ಯಾರು ಎಲ್ಲಿಗೆ ಮುಟ್ಟಿದರು ಎಂದು.

ಈ ಕಥೆಯಲ್ಲಿ ಎಲ್ಲರೂ ಹಾದುಹೋಗುವ ಊರೊಂದಿದೆ: ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿ. ಕಾರು, ಕರೆಂಟು ದೂರವಿಟ್ಟು ಹಳೆಯ ಕಾಲದಂತೆ ಬದುಕುವ ಕ್ರೈಸ್ತ ಪಂಗಡವಾದ ಅಲ್ಲಿನ ಓಲ್ಡ್ ಆರ್ಡರ್ ಆಮಿಶ್ ಸಮುದಾಯದವರು ಹದಿನೆಂಟನೇ ಶತಮಾನದಲ್ಲಿ ಯುರೋಪಿನಿಂದ ಬಂದ ಕೆಲವೇ ಕೆಲವು ಕುಟುಂಬಗಳ ಸಂತತಿ. ದೊಡ್ಡ ದೊಡ್ಡ ಸಂಸಾರಗಳು, ತಲೆಮಾರುಗಳ ಹಿಂದಿನವರೆಗೂ ಬರೆದಿಟ್ಟ ವಂಶಾವಳಿ, ಕುಡಿತ ಮಾದಕವಸ್ತುಗಳ ಗೊಂದಲ ತೀರಾ ಕಡಿಮೆ. ಜಾನಿಸ್ ಎಗ್‌ಲ್ಯಾಂಡ್ ಎಂಬ ಸಂಶೋಧಕಿ 1976ರಿಂದ ಅಲ್ಲಿ ಮನೆಮನೆ ಓಡಾಡಿ ಮನೋರೋಗದ ಲೆಕ್ಕ ಹಿಡಿದರು. ಅಲ್ಲಿ ಮೇನಿಯ ಹೇಗೆ ಕಾಣುತ್ತದೆ ಅಂತ ಅವರು ಪಟ್ಟಿ ಮಾಡಿದ್ದು ನನಗೆ ಬಹಳ ಇಷ್ಟ. ಕುದುರೆಗಾಡಿಯನ್ನು ವಿಪರೀತ ವೇಗವಾಗಿ ಓಡಿಸುವುದು. ಸಾರ್ವಜನಿಕ ಫೋನಿನಲ್ಲಿ ಮಿತಿಮೀರಿ ಮಾತಾಡುವುದು. ಕಾಲವಲ್ಲದ ಕಾಲದಲ್ಲಿ ಪ್ರವಾಸಕ್ಕೆ ಹೊರಡುತ್ತೇನೆ ಅನ್ನುವುದು, ಉಡುಗೊರೆ ಹಂಚುತ್ತೇನೆ ಅನ್ನುವುದು. ಬೇರೆ ಕಡೆ ಯಾರೂ ತಿರುಗಿಯೂ ನೋಡದ ನಡವಳಿಕೆ ಆ ಸದ್ದಿಲ್ಲದ ಬದುಕಿನಲ್ಲಿ ಗಂಟೆ ಬಾರಿಸಿದಂತೆ ಕೇಳುತ್ತಿತ್ತು.

ನೂರು ವರ್ಷದಲ್ಲಿ, 1880ರಿಂದ 1980ರವರೆಗೆ, ಆ ಸಮುದಾಯದಲ್ಲಿ ನಡೆದ ಆತ್ಮಹತ್ಯೆಗಳು 26. ಅವುಗಳಲ್ಲಿ ಹೆಚ್ಚಿನವು ನಾಲ್ಕೇ ವಂಶವೃಕ್ಷಗಳಲ್ಲಿ ಒತ್ತಾಗಿ ಬಿದ್ದಿದ್ದವು. ಅವರ ಆಡುನುಡಿಯಲ್ಲಿ ಇದಕ್ಕೊಂದು ಮಾತಿತ್ತು: "ಅದು ರಕ್ತದಲ್ಲೇ ಇದೆ." ನಮ್ಮಲ್ಲೂ ಇದೇ ಮಾತಿದೆ, ಇದೇ ದನಿಯಲ್ಲಿ. ಆದರೆ ಅಲ್ಲೇ ಮನೋರೋಗ ಅಷ್ಟೇ ದಟ್ಟವಾಗಿದ್ದೂ ಆತ್ಮಹತ್ಯೆ ಒಂದೂ ನಡೆಯದ ಮನೆತನಗಳೂ ಇದ್ದವು. ಇದನ್ನು ಹೇಳುವವರು ಕಡಿಮೆ.

1987ರ ಫೆಬ್ರವರಿಯಲ್ಲಿ ಎಗ್‌ಲ್ಯಾಂಡ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು: ಆಮಿಶ್ ಕುಟುಂಬವೊಂದರಲ್ಲಿ ಕಾಯಿಲೆ 11ನೇ ವರ್ಣತಂತುವಿನ (ಜೀನುಗಳನ್ನು ಹೊತ್ತ ಎಳೆ, ಕ್ರೋಮೋಸೋಮ್) ತುದಿಯ ಭಾಗದ ಜೊತೆ ಹೆಣೆದುಕೊಂಡು ಬಂದಿದೆ. ಇದರ ಹಿಂದಿನ ತರ್ಕ ಸರಳ. ವರ್ಣತಂತುವಿನ ಮೇಲೆ ಅಲ್ಲಲ್ಲಿ ಗುರುತು ಕಲ್ಲುಗಳಿವೆ ಅಂದುಕೊಳ್ಳಿ. ಕಪ್ಪು ಚೌಕ-ವೃತ್ತಗಳ ಬೆನ್ನು ಹಿಡಿದು ಒಂದೇ ಕಲ್ಲು ತಲೆಮಾರಿನಿಂದ ತಲೆಮಾರಿಗೆ ಬರುತ್ತಿದ್ದರೆ, ಬಿಳಿಯವುಗಳಲ್ಲಿ ಕಾಣದಿದ್ದರೆ, ಕಾಯಿಲೆಯ ಜೀನ್ ಆ ಕಲ್ಲಿನ ಆಸುಪಾಸಿನಲ್ಲೇ ಎಲ್ಲೋ ಇದೆ. ಇದಕ್ಕೆ ಲಾಡ್ ಸ್ಕೋರ್ ಎನ್ನುವ ಅಂಕವಿದೆ. ಮೂರು ಬಂದರೆ ಸಾವಿರಕ್ಕೆ ಒಂದರ ಪಂದ್ಯದಷ್ಟು ಗಟ್ಟಿ. ಆಮಿಶ್ ಅಂಕ ನಾಲ್ಕು ದಾಟಿತ್ತು. ನಾಲ್ಕು ವರ್ಷದ ಹಿಂದೆಯಷ್ಟೇ, 1983ರಲ್ಲಿ, ಇದೇ ದಾರಿಯಿಂದ ಹಂಟಿಂಗ್ಟನ್ ಎಂಬ ವಂಶಪಾರಂಪರ್ಯ ಮೆದುಳಿನ ಕಾಯಿಲೆಯ ಗುರುತು ಕಲ್ಲು 4ನೇ ವರ್ಣತಂತುವಿನಲ್ಲಿ ಸಿಕ್ಕಿತ್ತು. ಹಾಗಾಗಿ ಎಲ್ಲರೂ ನಂಬಿದ್ದರಲ್ಲಿ ತಪ್ಪೇನಿಲ್ಲ. ಒಂದು ತಿಂಗಳೂ ಕಳೆದಿರಲಿಲ್ಲ, ಇಸ್ರೇಲಿನ ಕುಟುಂಬಗಳಲ್ಲಿ ಎಕ್ಸ್ ವರ್ಣತಂತುವಿನಲ್ಲಿ, ಬಣ್ಣಗುರುಡಿನ ಜೀನ್ ಪಕ್ಕದಲ್ಲಿ ಮತ್ತೊಂದು ಜಾಗ ಸಿಕ್ಕಿತೆಂದು ಬೇರೊಂದು ತಂಡ ಬರೆಯಿತು.

1989ರ ನವೆಂಬರ್. ಅದೇ 'ನೇಚರ್', ಅದೇ ಆಮಿಶ್ ಕುಟುಂಬ, ಹಳೆಯ ತಂಡದ ಹಲವರೂ ಜೊತೆಗಿದ್ದ ಹೊಸ ಲೇಖನ. ಈ ನಡುವೆ ಆಗಿದ್ದಿಷ್ಟು. ಮೊದಲ ಲೆಕ್ಕದಲ್ಲಿ ಬಿಳಿಯಾಗಿದ್ದ ಇಬ್ಬರಿಗೆ ಆಮೇಲೆ ಕಾಯಿಲೆ ಬಂತು. ಅವರಲ್ಲಿ ಆ ಗುರುತು ಕಲ್ಲು ಇರಬೇಕಾದಂತೆ ಇರಲಿಲ್ಲ. ವಂಶವೃಕ್ಷದ ಕೊಂಬೆಗಳನ್ನು ಇನ್ನಷ್ಟು ಚಾಚಿ ನೋಡಿದಾಗ ಲೆಕ್ಕ ಇನ್ನೂ ಕುಸಿಯಿತು. ನಾಲ್ಕು ದಾಟಿದ್ದ ಅಂಕ ನೆಲ ಹಿಡಿಯಿತು. ಎಕ್ಸ್ ವರ್ಣತಂತುವಿನ ಕಥೆಯೂ 1993ರ ಹೊತ್ತಿಗೆ ಹೀಗೇ ಸೊರಗಿತು.

ಇಬ್ಬರು! ಅಷ್ಟೂ ವರ್ಷಗಳ ಓಡಾಟ, ಅಷ್ಟು ಜನರ ರಕ್ತ, ರೋಗಿಯ ಹೆಸರೂ ನೆಂಟಸ್ತಿಕೆಯೂ ಗೊತ್ತಿಲ್ಲದೆ ದಾಖಲೆ ಓದಿ ತೀರ್ಪು ಕೊಡುತ್ತಿದ್ದ ಮನೋವೈದ್ಯರ ಮಂಡಳಿ, ಇಷ್ಟೆಲ್ಲ ಕಟ್ಟುನಿಟ್ಟು ಇದ್ದ ಲೆಕ್ಕ ಎರಡು ಬಿಳಿ ಚೌಕಗಳ ಮೇಲೆ ನಿಂತಿತ್ತು. ಆ ಇಬ್ಬರ ಹೆಸರು ಯಾವ ಲೇಖನದಲ್ಲೂ ಇಲ್ಲ, ಇರಬಾರದು ಕೂಡ. ಆದರೂ ನಾನು ಅವರ ಬಗ್ಗೆ ಯೋಚಿಸಿದಷ್ಟು ಎಗ್‌ಲ್ಯಾಂಡ್ ಬಗ್ಗೆ ಯೋಚಿಸಿಲ್ಲ. ಆರೋಗ್ಯವಂತರ ಲೆಕ್ಕದಲ್ಲಿ ರಕ್ತ ಕೊಟ್ಟು ಮನೆಗೆ ಹೋದವರು. ಒಂದು ದಿನ ನಿದ್ದೆ ಹಾರಿತು, ಅಥವಾ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಅವರ ಮನೆಯವರಿಗೆ ಅದು ದುಃಖ. ಕಂಪ್ಯೂಟರಿಗೆ ಬಿಳಿ ಹೋಗಿ ಕಪ್ಪು.

ನಾನೂ ಒಂದು ಬಿಳಿ ಚೌಕ. ಈ ಕಾಯಿಲೆ ಹೆಚ್ಚಾಗಿ ಹದಿಹರೆಯದ ಕೊನೆಯಲ್ಲೋ ಇಪ್ಪತ್ತರ ದಶಕದಲ್ಲೋ ತಲೆ ತೋರಿಸುತ್ತದೆ. ನನಗೆ ಅಷ್ಟು ವಯಸ್ಸು ದಾಟಿದೆ, ಆದರೆ ತೀರಾ ದಾಟಿಲ್ಲ. ಒಂದು ರಾತ್ರಿ ನಿದ್ದೆ ಬರದೇ ಇದ್ದರೆ ಬೇರೆಯವರು ಹೊರಳಾಡುತ್ತಾರೆ, ನಾನು ಲೆಕ್ಕ ಹಾಕುತ್ತೇನೆ. ಒಳ್ಳೆಯ ಸುದ್ದಿ ಬಂದು ಮನಸ್ಸು ಕುಣಿದರೂ ಹಿಂದೆಯೇ ಒಬ್ಬ ಗುಮಾಸ್ತ ನಿಂತು ಗಡಿಯಾರ ನೋಡುತ್ತಾನೆ. ಒಮ್ಮೆ ಅಣ್ಣನಿಗೆ ಇದನ್ನು ಹೇಳಿದೆ. "ಖುಷಿಯಾದರೆ ಖುಷಿಪಡೋ ಮಾರಾಯ, ಅದಕ್ಕೂ ಬ್ಲಡ್ ಟೆಸ್ಟ್ ಮಾಡಿಸ್ತೀಯಾ" ಅಂದ.

ಅಮ್ಮನಿಗೆ ಮೊದಲಿನಿಂದಲೂ ಈ ಕಾಗದದ ಮೇಲೆ ಗುಮಾನಿ. "ಹೊರಗೆ ಯಾರಿಗೂ ತೋರಿಸಬೇಡಿ" ಅಂತ ನಾಲ್ಕು ಸಲ ಹೇಳಿದ್ದಳು. ಓದಿಲ್ಲದವಳ ಭಯ ಅಂದುಕೊಂಡಿದ್ದೆ. ಆಮೇಲೆ ನನ್ನ ಓದೇ ಅವಳ ಪಕ್ಷ ವಹಿಸಿತು. ಮನೋರೋಗ ವಂಶದಲ್ಲಿ ಹೇಗೆ ಹರಿಯುತ್ತದೆ ಎಂದು ಕ್ರಮಬದ್ಧವಾಗಿ ಲೆಕ್ಕ ಹಾಕಿದ ಮೊದಲಿಗರಲ್ಲಿ ಜರ್ಮನಿಯ ಮ್ಯೂನಿಕ್‌ನ ಅರ್ನ್ಸ್ಟ್ ರೂಡಿನ್ ಪ್ರಮುಖ. ಆತ 1920ರ ದಶಕದ ಮೊದಲರ್ಧದಲ್ಲಿ ಉನ್ಮಾದ-ಖಿನ್ನತೆಯ (ಬೈಪೋಲಾರನ್ನು ಆಗ ಕರೆಯುತ್ತಿದ್ದ ಹೆಸರು) ಕುಟುಂಬಗಳ ದೊಡ್ಡ ಅಧ್ಯಯನ ಮಾಡಿದ. ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡ ಅನುಪಾತ ಇಲ್ಲೂ ಕಾಣುತ್ತದೆ ಎಂಬ ಅವನ ನಿರೀಕ್ಷೆ ಸುಳ್ಳಾಯಿತು, ಲೆಕ್ಕ ಕೂಡಲಿಲ್ಲ. ಹಸ್ತಪ್ರತಿಯನ್ನು ಪ್ರಕಟಿಸದೆ ಹಾಗೇ ಇಟ್ಟ. ಅಷ್ಟಕ್ಕೇ ನಿಂತಿದ್ದರೆ ಅದೊಂದು ಸೋತ ಸಂಶೋಧನೆ ಆಗಿರುತ್ತಿತ್ತು. ಆದರೆ 1933ರ ಜುಲೈ 14ರಂದು ನಾಜಿ ಸರ್ಕಾರ ಬಲವಂತದ ಸಂತಾನಹರಣದ ಕಾನೂನು ತಂದಾಗ ಅದರ ಬೆನ್ನಿಗೆ ನಿಂತು, ಅದಕ್ಕೆ ಅಧಿಕೃತ ಭಾಷ್ಯ ಬರೆದವರಲ್ಲಿ ಅವನೂ ಒಬ್ಬ. ಆ ಕಾನೂನಿನ ಕಾಯಿಲೆಗಳ ಪಟ್ಟಿಯಲ್ಲಿ ಉನ್ಮಾದ-ಖಿನ್ನತೆಯೂ ಇತ್ತು. ಸುಮಾರು ನಾಲ್ಕು ಲಕ್ಷ ಜನರಿಗೆ ಬಲವಂತವಾಗಿ ಶಸ್ತ್ರಚಿಕಿತ್ಸೆ ಆಯಿತು. ತನ್ನದೇ ಪೆಟ್ಟಿಗೆಯಲ್ಲಿ "ಲೆಕ್ಕ ಕೂಡುತ್ತಿಲ್ಲ" ಎನ್ನುವ ಕಾಗದ ಇಟ್ಟುಕೊಂಡು ಈ ಮನುಷ್ಯ ಜನರ ಮಕ್ಕಳ ಲೆಕ್ಕವನ್ನೇ ಮುಗಿಸಲು ಸಹಿ ಹಾಕಿದ. ಮನೆಮನೆಯಿಂದ ಸಂಗ್ರಹಿಸಿದ ವಂಶವೃಕ್ಷ ಯಾರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬ ಪ್ರಶ್ನೆ ಅಮ್ಮನ ಬಾಯಲ್ಲಿ ಸಣ್ಣದಾಗಿ ಕೇಳುತ್ತದೆ, ಅಷ್ಟೇ.

ಈಗಿನವರು ಒಪ್ಪಿಗೆ ಪತ್ರ ಓದಿ ಹೇಳುತ್ತಾರೆ, ಹೆಸರು ತೆಗೆದು ಸಂಖ್ಯೆ ಕೊಡುತ್ತಾರೆ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಇದನ್ನು ನಂಬಿಯೇ ನಾನೂ ಸಹಿ ಹಾಕಿದ್ದು.

ಆಮಿಶ್ ಕುಸಿತದ ನಂತರ ಹುಡುಕಾಟ ಮನೆ ಬಿಟ್ಟು ಜನಜಂಗುಳಿಗೆ ಹೋಯಿತು. ಒಂದು ಕುಟುಂಬದ ಒಂದು ದೊಡ್ಡ ಜೀನ್ ಹುಡುಕುವ ಬದಲು, ಪರಸ್ಪರ ಸಂಬಂಧವೇ ಇಲ್ಲದ ಸಾವಿರಾರು ರೋಗಿಗಳನ್ನೂ ಸಾವಿರಾರು ಆರೋಗ್ಯವಂತರನ್ನೂ ಪಕ್ಕಪಕ್ಕ ಇಟ್ಟು, ಜೀನೋಮಿನ, ಅಂದರೆ ಒಬ್ಬರ ಇಡೀ ಡಿಎನ್ಎ ಬರಹದ, ಲಕ್ಷಾಂತರ ಜಾಗಗಳಲ್ಲಿ ಅಕ್ಷರಗಳ ವ್ಯತ್ಯಾಸ ಎಣಿಸುವುದು. 2007ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 2,000 ರೋಗಿಗಳೊಂದಿಗೆ ಹೀಗೆ ದೊಡ್ಡದಾಗಿ ಶುರುವಾಯಿತು. ನರಕೋಶದೊಳಗೆ ಕ್ಯಾಲ್ಸಿಯಂ ಬಿಡುವ ಬಾಗಿಲಿನ ಜೀನ್ ಒಂದು, ಸಿಎಸಿಎನ್‌ಎ1ಸಿ, ಮತ್ತೆ ಮತ್ತೆ ತಲೆ ಎತ್ತಿತು. 2021ರಲ್ಲಿ ಸುಮಾರು 42,000 ರೋಗಿಗಳು, ಕಾಯಿಲೆಯ ಜೊತೆ ತಳಕು ಹಾಕಿಕೊಂಡ 64 ತಾಣಗಳು. 2025ರ ಜನವರಿಯಲ್ಲಿ ಸುಮಾರು 1,58,000 ರೋಗಿಗಳು, 28 ಲಕ್ಷದಷ್ಟು ಇತರರು, 298 ತಾಣಗಳು. ಇವರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು ಎನ್ನುವುದು ಬೇರೆ ಮಾತು, ಸಣ್ಣ ಮಾತಂತೂ ಅಲ್ಲ.

298 ಅನ್ನುವುದು ಗೆಲುವೋ ಸೋಲೋ? ನನಗೆ ದಿನಕ್ಕೊಂದು ಥರ ಅನ್ನಿಸುತ್ತದೆ. ಒಂದೊಂದು ತಾಣವೂ ಅಪಾಯವನ್ನು ಕೂದಲೆಳೆಯಷ್ಟು ಮಾತ್ರ ಏರಿಸುತ್ತದೆ. ಆ ಎಳೆಗಳಲ್ಲಿ ನೂರಾರು ಎಲ್ಲರಲ್ಲೂ ಇವೆ, ಈ ಬರಹ ಓದುತ್ತಿರುವ ನಿಮ್ಮಲ್ಲೂ. ಅವುಗಳಲ್ಲಿ ಬಹಳಷ್ಟು ಸ್ಕಿಜೋಫ್ರೇನಿಯಾ ಎಂಬ ಇನ್ನೊಂದು ಮನೋರೋಗಕ್ಕೂ ಪಾಲು. ಅಂದರೆ ನೂರು ವರ್ಷದ ಹಿಂದೆ ವೈದ್ಯರು ಈ ಎರಡು ಕಾಯಿಲೆಗಳ ನಡುವೆ ಎಳೆದ ಗೋಡೆ ಜೀನುಗಳಿಗೆ ಅಷ್ಟಾಗಿ ಗೊತ್ತಿಲ್ಲ. ಆಮಿಶ್ ಕುಟುಂಬಗಳಿಗೇ 2014ರಲ್ಲಿ ಮರಳಿ ಹೋಗಿ, ಈ ಸಲ ಇಡೀ ಜೀನೋಮ್ ಓದಿ ನೋಡಿದಾಗಲೂ ಎಲ್ಲ ರೋಗಿಗಳಿಗೂ ಸಮಾನವಾದ ಒಂದು ಜೀನ್ ಸಿಗಲಿಲ್ಲ. ಒಂದೇ ಮನೆತನದ ಬೇರೆ ಬೇರೆ ಕೊಂಬೆಗಳಿಗೆ ಕಾಯಿಲೆ ಬೇರೆ ಬೇರೆ ಬೇರಿನಿಂದ ಬಂದಿರಬಹುದು. ತಾತನದು ಒಂದು ಕಡೆಯಿಂದ, ಚಿಕ್ಕಮ್ಮನದು ಇನ್ನೊಂದು ಕಡೆಯಿಂದ, ಅಣ್ಣನಿಗೆ ಅಪ್ಪನ ಕಡೆಯಿಂದಲೂ ಒಂದಿಷ್ಟು. ಅಪ್ಪನ ಕಡೆಯವರು ಇದನ್ನು ಇನ್ನೂ ಒಪ್ಪಿಲ್ಲ.

ಹಾಗಾದರೆ ವಂಶ ಅನ್ನುವುದೇ ಸುಳ್ಳಾ? ಖಂಡಿತ ಅಲ್ಲ. ಸಾಮಾನ್ಯ ಜನರಲ್ಲಿ ನೂರಕ್ಕೆ ಒಬ್ಬರ ಆಸುಪಾಸು ಇರುವ ಬೈಪೋಲಾರ್, ರೋಗಿಯ ತಂದೆ ತಾಯಿ ಒಡಹುಟ್ಟಿದವರು ಮಕ್ಕಳಲ್ಲಿ ನೂರಕ್ಕೆ 5ರಿಂದ 10 ಆಗುತ್ತದೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವ ಸಂಭವ ನೂರಕ್ಕೆ 40ರಿಂದ 70. ಎತ್ತರದಷ್ಟಲ್ಲದಿದ್ದರೂ ಅದರ ಹತ್ತಿರ ಹತ್ತಿರಕ್ಕೆ ವಂಶದ ಕೈವಾಡ. ಆದರೆ ಅಕ್ಷರ ಅಕ್ಷರವೂ ಒಂದೇ ಆದ ಅವಳಿಯಲ್ಲೂ ನೂರು ಮುಟ್ಟುವುದಿಲ್ಲ ನೋಡಿ, ನಾನು ಹಲವು ರಾತ್ರಿ ಹಿಡಿದುಕೊಂಡು ಮಲಗಿದ್ದು ಆ ಉಳಿಕೆಯನ್ನೇ. ನನ್ನ ಜೀನೋಮಿನ ಒಟ್ಟು ಅಪಾಯದ ಅಂಕ ಎಷ್ಟು ಅಂತ ಕೇಳಿದ್ದಕ್ಕೆ ಅಣ್ಣನ ವೈದ್ಯೆ ಹೇಳಿದ್ದು: "ಆ ಅಂಕಕ್ಕಿಂತ ನಿಮ್ಮಣ್ಣ ಹೆಚ್ಚು ಹೇಳ್ತಾನೆ. ಅವನನ್ನ ಕೇಳಿ, ಮೊದಲು ಏನಾಯ್ತು ಅಂತ." ಕೇಳಿದೆ. ಅಣ್ಣ ಹೇಳಿದ: "ಶಬ್ದಗಳು ಹತ್ತಿರ ಬಂದವು. ಎಲ್ಲೋ ದೂರದಲ್ಲಿ ಯಾರೋ ಬಾಗಿಲು ಹಾಕಿದರೂ ನನಗೇ ಹೇಳಿದ ಹಾಗೆ."

ವಿಚಿತ್ರ ಅಂದರೆ, ಅವನನ್ನು ನೆಲದ ಮೇಲೆ ಇಟ್ಟಿರುವ ಔಷಧಿ ಈ ಯಾವ ಹುಡುಕಾಟದ ಫಲವೂ ಅಲ್ಲ. ಜಾನ್ ಕೇಡ್ ಎಂಬ ಆಸ್ಟ್ರೇಲಿಯಾದ ವೈದ್ಯ 1949ರಲ್ಲಿ ಗಿನಿಯಿಲಿಗಳ ಮೇಲೆ ಏನನ್ನೋ ಪರೀಕ್ಷಿಸಲು ಹೋಗಿ ಲಿಥಿಯಂ ಉಪ್ಪಿನ ಗುಣ ಕಂಡುಕೊಂಡ. ಡಿಎನ್ಎಯ ಆಕಾರ ಆಗ ಯಾರಿಗೂ ಗೊತ್ತಿರಲಿಲ್ಲ. 2022ರಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಜೀನುಗಳನ್ನು ಓದಿದವರು ಎಕೆಎಪಿ11 ಎಂಬ ಜೀನಿನಲ್ಲಿ ಅಪರೂಪದ, ಆದರೆ ಪ್ರೋಟೀನನ್ನು ಅರ್ಧಕ್ಕೇ ತುಂಡರಿಸಿ ದೊಡ್ಡ ಪೆಟ್ಟು ಕೊಡುವ ಬದಲಾವಣೆಗಳನ್ನು ಕಂಡರು. ಆ ಜೀನಿನ ಪ್ರೋಟೀನು ಜೊತೆಗೂಡುವ ಕಿಣ್ವಗಳಲ್ಲಿ ಲಿಥಿಯಂ ತಡೆಹಿಡಿಯುತ್ತದೆಂದು ನಂಬಲಾದ ಕಿಣ್ವವೂ ಒಂದು. ಎಪ್ಪತ್ತು ವರ್ಷ ಕತ್ತಲಲ್ಲಿ ಕೆಲಸ ಮಾಡಿದ ಬೀಗದ ಕೈಗೆ ಬೀಗ ಎಲ್ಲಿದೆ ಅನ್ನುವ ಸುಳಿವು ಹೀಗೆ ಹಿಂದಿನಿಂದ ಸಿಕ್ಕಿತು. ಲಿಥಿಯಂ ಒಗ್ಗುವುದೂ ಕುಟುಂಬದಲ್ಲಿ ಹರಿಯುತ್ತದಂತೆ. ಇದನ್ನು ಓದಿದ ದಿನ ಅಣ್ಣನಿಗೆ ಫೋನ್ ಮಾಡಿ, ನನಗೆ ಬಂದರೂ ನಿನ್ನ ಮಾತ್ರೆಯೇ ಆಗುತ್ತೆ ಅಂದೆ. "ಉಳಿದಿದ್ದು ಕೊಡ್ತೀನಿ ಬಿಡು" ಅಂದ.

ವಂಶವೃಕ್ಷ ಬರೆದು ನಾಲ್ಕು ವರ್ಷದ ಮೇಲೆ, ಈ ವರ್ಷದ ಆರಂಭದಲ್ಲಿ, ಆ ತಂಡದಿಂದ ಮತ್ತೆ ಕರೆ ಬಂತು. ಬೇರೆ ದನಿ, ಅದೇ ಪ್ರಶ್ನೆ: ಮನೆಯಲ್ಲಿ ಯಾರ ಸ್ಥಿತಿಯಾದರೂ ಬದಲಾಗಿದೆಯಾ? ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಅಣ್ಣ ಚೆನ್ನಾಗಿದ್ದಾನೆ ಅಂದೆ. ನಾನೂ ಹಾಗೇ ಇದ್ದೇನೆ ಅಂದೆ. ಇನ್ನೇನು ಇಡಬೇಕು, ಅಷ್ಟರಲ್ಲಿ ಬಟ್ಟೆ ಮಡಚುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು: "ನಂದು ತಪ್ಪಾಗಿ ಬರೆದಿದೆ."

ನಾನು ಹುಟ್ಟಿ ಮೂರನೇ ದಿನಕ್ಕೆ ಅವಳ ನಿದ್ದೆ ಹೋಗಿತ್ತು. ಸುಸ್ತೇ ಇರಲಿಲ್ಲ. ಬಾಣಂತಿ ಎದ್ದು ಮನೆಯ ಗೋಡೆಗಳನ್ನೆಲ್ಲ ತೊಳೆದಳು. ರಾತ್ರಿಯೆಲ್ಲ ಹಾಡಿದಳು, ಮಗುವಿಗೆ ಎಲ್ಲ ಅರ್ಥವಾಗುತ್ತದೆ ಎಂದು ನನ್ನ ಜೊತೆ ವಾದ ಮಾಡಿದಳು. ತಾತ ಬಂದು ಒಂದು ದಿನವಿಡೀ ಅವಳ ಕೈ ಹಿಡಿದು ಕೂತಿದ್ದರಂತೆ, ಒಂದೂ ಮಾತಾಡದೆ. ಇದು ಏನು ಅಂತ ಅವರಿಗೆ ಗೊತ್ತಿತ್ತು ಅಂದಳು. ಆಮೇಲೆ ಇಳಿಯಿತು, ಮತ್ತೆಂದೂ ಬರಲಿಲ್ಲ. ಹೆರಿಗೆ ಆದವರಿಗೆ ಹಾಗಾಗುತ್ತೆ ಎಂದು ಎಲ್ಲರೂ ಅಂದರು. ಅವಳೂ ಅಂದುಕೊಂಡಳು.

ಫೋನಿನ ಆ ಕಡೆ ಟೈಪ್ ಮಾಡುವ ಸದ್ದು. ಆಮೇಲೆ ಆ ದನಿ ಮೆಲ್ಲಗೆ ಕೇಳಿತು, ಎಷ್ಟು ದಿನ ಹಾಗಿತ್ತು ಅಂತ ಅಂದಾಜಿಗಾದರೂ ಹೇಳಲಾಗುತ್ತದಾ ಅಮ್ಮ, ತುಂಬ ಹಳೆಯ ಮಾತು, ನೆನಪಿಲ್ಲದಿದ್ದರೂ ಪರವಾಗಿಲ್ಲ.

"ಹನ್ನೊಂದು" ಅಂದಳು ಅಮ್ಮ.